ಸೋರದ ಜಾಕೆಟ್

ಅಂಗಡಿಗೆ ಹೋಗುವ ದಾರಿಯಲ್ಲೇ ಹೇಳಿಬಿಡಬೇಕು ಎಂದು ಅಳಿಯ ತೀರ್ಮಾನಿಸಿದ್ದ. ಆದರೆ ಕಾರಿನ ಮುಂದಿನ ಸೀಟಿನಲ್ಲಿ ಕೂತ ಮಾವ, ಹಿಮದ ಬಿರುಕಿಗೆ ಒಬ್ಬರು ಜಾರಿದರೆ ಮೇಲಿನ ಇಬ್ಬರು ಹಗ್ಗವನ್ನು ಹೇಗೆ ತಡೆದು ಹಿಡಿಯಬೇಕು ಎಂಬುದನ್ನು ವಿವರಿಸುತ್ತಿದ್ದರು. ಮಧ್ಯೆ ಬಾಯಿ ಹಾಕುವುದು ಸರಿ ಕಾಣಲಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಹೇಳೋಣ ಎಂದುಕೊಂಡ. ಬಾಮೈದ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಎಲ್ಲರೂ ಒಂದೇ ಕಡೆಯಿಂದ ತೆವಳಿಕೊಂಡು ಇಳಿಯಬೇಕಾಯಿತು. ಮಾವನ ಕಾಲು ಗೇರಿಗೆ ಸಿಕ್ಕಿಕೊಂಡಿತು. ಅವರನ್ನು ಹಿಡಿದು ನಿಲ್ಲಿಸಿ, ಅವರು ಕೈ ಕೊಡವಿ “ನಾನೇ ಇಳೀತಿದ್ದೆ” ಅನ್ನುವಷ್ಟರಲ್ಲಿ ಅಂಗಡಿಯ ಬಾಗಿಲು ಬಂದೇಬಿಟ್ಟಿತು.

ಹೇಳಬೇಕಾಗಿದ್ದದ್ದು ಒಂದೇ ಮಾತು. ನಾನು ಬೆಟ್ಟಕ್ಕೆ ಬರುವುದಿಲ್ಲ.

ಹೆಂಡತಿಯ ಮನೆಯವರು ಬೇಸಿಗೆ ಬಂತೆಂದರೆ ಹಿಮದ ಬೆಟ್ಟ ಹತ್ತುವವರು. ಮಾವ ಮುಂದೆ, ಮಗಳು ನಡುವೆ, ಮಗ ಹಿಂದೆ. ಮೂವರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು. ಬೇರೆ ಮನೆಗಳಲ್ಲಿ ಮದುವೆಯ ಫೋಟೋ ತೂಗುವ ಗೋಡೆಯಲ್ಲಿ ಇವರ ಮನೆಯಲ್ಲಿ ಹಗ್ಗದ ಫೋಟೋಗಳಿದ್ದವು. ಈ ವರ್ಷ ಹೆಂಡತಿಯೇ ಊಟದ ಮೇಜಿನಲ್ಲಿ ಮಾತು ತೆಗೆದಿದ್ದಳು.

“ಅಪ್ಪಾ, ಈ ಸಲ ನಿನ್ನ ಬದಲು ಇವರನ್ನ ಕರ್ಕೊಂಡು ಹೋಗ್ತೀವಿ. ಮದುವೆ ಆದಾಗಿಂದ ಇವರು ಒಂದು ಗುಡ್ಡಾನೂ ಹತ್ತಿಲ್ಲ.”

ಮಾವ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. ಆಮೇಲೆ ದೊಡ್ಡ ಮನಸ್ಸು ಮಾಡಿದರು. “ಆಗ್ಲಿ. ಹೊಸಬರಿಗೆ ದಾರಿ ಬಿಡಬೇಕು. ಒಂದು ವರ್ಷ ತಾನೆ. ಏನಂತೀರಿ ಅಳಿಯಂದ್ರೇ?”

ಏನನ್ನಬೇಕೆಂದು ಅವನು ಯೋಚಿಸುವ ಮೊದಲೇ ಅವನ ಬಾಯಿ “ಆಗ್ಲಿ ಮಾವ” ಅಂದಿತ್ತು.

ಹೊಸಬರು ಹಗ್ಗದ ನಡುವೆ ಇರಬೇಕಂತೆ. ಮುಂದೆ ಬಾಮೈದ, ಹಿಂದೆ ಹೆಂಡತಿ. ಅವಳು ಜಾರಿದರೆ ಮೊದಲು ತಡೆಯಬೇಕಾದವನು ಇವನು. ಅಲ್ಲಿಗೇ ಅವನ ನಿದ್ದೆ ನಿಂತುಹೋಗಿತ್ತು.

ಅವನ ಕೆಲಸ ಬಾಟಲಿ ತುಂಬುವ ಕಾರ್ಖಾನೆಯಲ್ಲಿ. ಮುಚ್ಚಳ ಹಾಕಿದ ಬಾಟಲಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು. ಎದ್ದರೆ ಆ ಸಾಲಿಗೆ ಸಾಲೇ ವಾಪಸ್. ಮದುವೆಗೆ ಮುಂಚೆ ಒಮ್ಮೆ, ಕಾರ್ಖಾನೆಯ ಮೇಲಿನ ನೀರಿನ ಟ್ಯಾಂಕಿನ ವಾಲ್ವು ನೋಡಿ ಬರಲು ಅವನು ಕಬ್ಬಿಣದ ಏಣಿ ಹತ್ತಿದ್ದ. ಅರ್ಧಕ್ಕೆ ಹೋದವನು ಕೆಳಗೆ ನೋಡಿದ. ಕೈಗಳು ಏಣಿಗೆ ಬೆಸುಗೆ ಹಾಕಿದಂತೆ ನಿಂತವು. ಕೆಳಗಿನಿಂದ ಇಳಿ, ಇಳಿ ಎಂದು ಕೂಗುವುದು ಕೇಳುತ್ತಿತ್ತು. ಇಳಿಯಬೇಕೆಂದು ಅವನಿಗೆ ಗೊತ್ತಿತ್ತು, ಮೈಗೆ ಗೊತ್ತಾಗಲಿಲ್ಲ. ಕೊನೆಗೆ ಇಬ್ಬರು ಫಿಟ್ಟರುಗಳು ಹತ್ತಿ ಬಂದು, ಒಂದೊಂದೇ ಬೆರಳು ಬಿಡಿಸಿ, ಮೂಟೆ ಇಳಿಸಿದಂತೆ ಇಳಿಸಿದ್ದರು. ಆ ಫಿಟ್ಟರುಗಳು ಹಿಮದ ಬೆಟ್ಟಕ್ಕೆ ಬರುವವರಲ್ಲ.

ಇದನ್ನು ಹೇಳಿದರೆ ಆ ಮನೆಯ ಗೋಡೆಯಲ್ಲಿ ತನಗೆ ಜಾಗವಿಲ್ಲ. ಹೇಳದಿದ್ದರೆ ಹೆಂಡತಿಯ ಜೀವಕ್ಕೆ ತಾನೇ ಕುತ್ತು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ. ಅವನಿಗೆ ಎರಡೂ ಕಡೆ ದರಿಯೇ ಕಾಣುತ್ತಿತ್ತು.

ಅಂಗಡಿಯಲ್ಲಿ ರಬ್ಬರಿನ, ಹೊಸ ಹಗ್ಗದ ವಾಸನೆ. ಒಂದು ಗೋಡೆ ತುಂಬ ಬೂಟುಗಳು, ಇನ್ನೊಂದು ಗೋಡೆಗೆ ಸುರುಳಿ ಸುತ್ತಿದ ಹಗ್ಗಗಳು. ಹಿಂಭಾಗದಲ್ಲಿ ಬಚ್ಚಲಿನಷ್ಟೇ ದೊಡ್ಡದಾದ ಒಂದು ಗಾಜಿನ ಕೋಣೆ. ಮೇಲ್ಗಡೆ ತೂತು ಕೊರೆದ ಪೈಪುಗಳು, ನೆಲದಲ್ಲಿ ಒಂದು ಮರದ ಮೆಟ್ಟಿಲು, ಮೆಟ್ಟಿಲ ಮೇಲೆ ನಿಂತರೆ ಕೈಗೆ ಸಿಗುವ ಎತ್ತರದಲ್ಲಿ ಒಂದು ಕಬ್ಬಿಣದ ಸರಳು. ಅದಕ್ಕೆ ಅಂಗಡಿಯವರು ಮಳೆಕೋಣೆ ಎನ್ನುತ್ತಿದ್ದರು.

“ನನ್ನ ಅಂಗಡೀಲಿ ಅದರೊಳಗೆ ನಿಲ್ಲದೆ ಯಾರೂ ಜಾಕೆಟ್ ತಗೊಂಡು ಹೋಗೋ ಹಾಗಿಲ್ಲ,” ಎಂದಳು ಅಂಗಡಿಯಾಕೆ. ಬಿಸಿಲಿಗೆ ಕಪ್ಪಾದ ಮುಖ, ಮೋಟು ಕೂದಲು. ಒಂದು ಕಾಲದಲ್ಲಿ ಅವಳೂ ಬೆಟ್ಟ ಹತ್ತಿದವಳಂತೆ. “ಕೈ ಮೇಲೆತ್ತಿ ಸರಳು ಹಿಡ್ಕೊಬೇಕು. ಬೆಟ್ಟದಲ್ಲಿ ಕೈ ಯಾವಾಗ್ಲೂ ಮೇಲೇ ಇರುತ್ತೆ. ತೋಳಿನೊಳಗೆ ನೀರು ಇಳಿಯುತ್ತೋ ಇಲ್ವೋ ಆಗಲೇ ಗೊತ್ತಾಗೋದು.”

ಅಷ್ಟು ಹೊತ್ತಿಗೆ ಅಳಿಯನಿಗೆ ಒಂದು ದಾರಿ ಹೊಳೆಯಿತು. ಹೇಳುವುದೇ ಬೇಡ. ಮೈಗೆ ಸರಿಹೋಗುವ ಜಾಕೆಟ್ಟೇ ಸಿಗಲಿಲ್ಲ ಎಂದಾದರೆ? ಒದ್ದೆಯಾಗುವ ಜಾಕೆಟ್ ಹಾಕಿಕೊಂಡವನನ್ನು ಹಿಮಕ್ಕೆ ಯಾರು ಕರೆದೊಯ್ಯುತ್ತಾರೆ? ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ತಪ್ಪು ಹುಡುಕುವುದು ಅವನಿಗೆ ಬರುವ ಕೆಲಸ. ಸುಳ್ಳು ತಪ್ಪು ಹೇಳುವುದು ಮಾತ್ರ ಬರುತ್ತಿರಲಿಲ್ಲ. ಹಾಗಾಗಿ ನಿಜವಾದ ತಪ್ಪುಗಳನ್ನೇ ಹುಡುಕಬೇಕಾಗಿತ್ತು.

ಮೊದಲನೆಯ ಜಾಕೆಟ್ ಹಾಕಿಕೊಂಡು ಎರಡೂ ಕೈ ಎತ್ತಿದ. “ಇದು ಮೇಲೆ ಬರ್ತಿದೆ. ಹಗ್ಗ ಕಟ್ಟೋ ಸೊಂಟಪಟ್ಟಿಯಿಂದ ಆಚೆ ಬಂದ್ಬಿಡುತ್ತೆ. ಬೆನ್ನಿಗೆ ಹಿಮ ಹೋಗುತ್ತೆ.”

ಅಂಗಡಿಯಾಕೆ ತಲೆದೂಗಿ ಇನ್ನೊಂದು ತಂದಳು. ಅದರ ಜೇಬುಗಳು ಕೆಳಗಿದ್ದವು. ಸೊಂಟಪಟ್ಟಿ ಬಿಗಿದರೆ ಜೇಬಿನೊಳಗೆ ಕೈ ಹೋಗುತ್ತಿರಲಿಲ್ಲ. ಮತ್ತೊಂದರ ಟೋಪಿ ಅಂಗಡಿಯಾಕೆ ಕೊಟ್ಟ ಹೆಲ್ಮೆಟ್ಟಿನ ಮೇಲೆ ಕೂತಿತು, ಆದರೆ ಅವನು ಪಕ್ಕಕ್ಕೆ ತಿರುಗಿದರೆ ಅದು ತಿರುಗದೆ ಅಲ್ಲೇ ನಿಂತಿತು. “ನಾನು ಈ ಕಡೆ ನೋಡಿದ್ರೆ ಟೋಪಿಯ ಒಳಗನ್ನ ನೋಡ್ತೀನಿ,” ಎಂದ. ಆಮೇಲಿನದನ್ನು ಅವನು ಒಳಗು ಹೊರಗು ಮಾಡಿ, ಹೊಲಿಗೆಯ ಮೇಲೆ ನೀರು ನುಸುಳದಂತೆ ಅಂಟಿಸಿದ ಪಟ್ಟಿಯನ್ನು ಉಗುರಿನಿಂದ ತಡವುತ್ತ ಹೋದ. ಕಂಕುಳ ಹತ್ತಿರ, ಮೂರು ಹೊಲಿಗೆ ಸೇರುವ ಕಡೆ, ಪಟ್ಟಿ ಕೂದಲೆಳೆಯಷ್ಟು ಎದ್ದಿತ್ತು.

ಅಂಗಡಿಯಾಕೆ ಕನ್ನಡಕ ಹಾಕಿಕೊಂಡು ನೋಡಿದಳು. “ಹೌದು. ಇದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.”

“ಭಾವ ಮೊಸರಲ್ಲಿ ಕಲ್ಲು ಹುಡುಕ್ತಾರೆ,” ಎಂದ ಬಾಮೈದ, ಬೂಟುಗಳ ಪೆಟ್ಟಿಗೆಯ ಮೇಲೆ ಕೂತು. “ಅಕ್ಕ, ನಿನ್ನನ್ನ ನೋಡೋಕೆ ಬಂದಾಗ ಹೇಗೆ ಪಾಸ್ ಮಾಡಿದ್ರು?”

“ಕತ್ತಲಿತ್ತು,” ಎಂದಳು ಹೆಂಡತಿ. “ಕರೆಂಟ್ ಹೋಗಿತ್ತು.”

ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ. ಸ್ಟೂಲಿನ ಮೇಲೆ ಕೂತು, ಒಂದು ಕಾಲನ್ನು ಮುಂದಕ್ಕೆ ಚಾಚಿ, ಅಳಿಯನನ್ನೇ ನೋಡುತ್ತಿದ್ದವರ ಮುಖ ಅರಳುತ್ತ ಬಂತು.

“ನಗಬೇಡಿ. ನೀವಿಬ್ರೂ ಬಣ್ಣ ನೋಡಿ ಜಾಕೆಟ್ ತಗೊಂಡೋರು. ಈ ಮನುಷ್ಯ ನೋಡಿ. ಇನ್ನೂ ಬೆಟ್ಟ ಕಂಡಿಲ್ಲ, ಬೆಟ್ಟದಲ್ಲಿ ಏನೇನು ಕೆಡುತ್ತೆ ಅಂತ ಎಲ್ಲಾ ಗೊತ್ತಿದೆ. ಹಗ್ಗದ ನಡುವೆ ಇಂಥವರೇ ಇರಬೇಕು.” ಅಂಗಡಿಯಾಕೆಯ ಕಡೆ ತಿರುಗಿ, “ನಮ್ಮ ಅಳಿಯಂದ್ರು,” ಎಂದು ಅಷ್ಟು ಹೊತ್ತಾದ ಮೇಲೆ ಪರಿಚಯ ಮಾಡಿಸಿದರು.

“ಅಳಿಯ ಅಲ್ಲ, ಮಗಳ ಗಂಡ,” ಎಂದು ಬಾಮೈದ ಗೊಣಗಿದ.

ಅಳಿಯ ಆ ಜಾಕೆಟ್ಟನ್ನು ಮಡಿಸಿ ವಾಪಸ್ ಕೊಟ್ಟ. ತಾನು ಹುಡುಕಿದ ಒಂದೊಂದು ತಪ್ಪೂ ತನ್ನ ಸೊಂಟಕ್ಕೇ ಒಂದೊಂದು ಗಂಟಾಗುತ್ತಿದೆ. ಇನ್ನು ಸಾಕು ಎಂದು ಸುಮ್ಮನಾದರೆ ಮುಂದೆ ಬರುವುದನ್ನು ಕೊಂಡಂತೆ. ಮುಂದುವರಿಸಿದರೆ ಮಾವನ ಕಣ್ಣಲ್ಲಿ ಇನ್ನಷ್ಟು ಬೆಟ್ಟದವನಾದಂತೆ.

ಅಂಗಡಿಯಾಕೆ ಒಳಗಿನಿಂದ ಬೂದು ಬಣ್ಣದ ಒಂದು ಜಾಕೆಟ್ ತಂದಳು. “ಇದನ್ನ ಎಲ್ರಿಗೂ ತೋರಿಸಲ್ಲ,” ಎಂದಳು. ಅವನು ಹಾಕಿಕೊಂಡ. ಕೈ ಎತ್ತಿದ, ಅಂಚು ಅಲ್ಲಾಡಲಿಲ್ಲ. ತಲೆ ತಿರುಗಿಸಿದ, ಟೋಪಿಯೂ ತಿರುಗಿತು. ಜೇಬುಗಳು ಎದೆಯ ಮೇಲಿದ್ದವು. ಹೊಲಿಗೆಯ ಪಟ್ಟಿ ಎಲ್ಲ ಕಡೆ ಚರ್ಮದಂತೆ ಕೂತಿತ್ತು. ಮಣಿಕಟ್ಟಿನ ಪಟ್ಟಿ, ಕಂಕುಳ ಜಿಪ್ಪು, ಕೊರಳು. ಹೇಳಲು ಏನೂ ಇರಲಿಲ್ಲ. ಇಷ್ಟು ಒಳ್ಳೆಯ ವಸ್ತುವೊಂದು ತನ್ನ ಮೈಮೇಲೆ ಬಂದು ಕೂತದ್ದಕ್ಕೆ ಅವನಿಗೆ ಅಳು ಬರುವಂತಾಯಿತು.

“ಇನ್ನೇನು, ಮಳೆಕೋಣೆ,” ಎಂದರು ಮಾವ.

ಅವನು ಒಳಗೆ ಹೋದ. ಮೆಟ್ಟಿಲು ಹತ್ತಿ, ಎರಡೂ ಕೈ ಎತ್ತಿ ಸರಳು ಹಿಡಿದ. ಅಂಗಡಿಯಾಕೆ ಬಾಗಿಲು ಮುಚ್ಚಿದಳು. ಬಾಗಿಲಿಗೆ ಹಿಡಿಕೆ ಇದ್ದದ್ದು ಹೊರಗಡೆ ಮಾತ್ರ. ಪೈಪುಗಳು ಒಮ್ಮೆ ಕೆಮ್ಮಿ ನೀರು ಸುರಿಸತೊಡಗಿದವು.

ಸದ್ದು ಎಷ್ಟಿತ್ತೆಂದರೆ ತನ್ನ ಉಸಿರೇ ತನಗೆ ಕೇಳುತ್ತಿರಲಿಲ್ಲ. ಗಾಜಿನಾಚೆ ಮೂವರೂ ನೀರಿನಲ್ಲಿ ಕದಡಿದ ಬಣ್ಣಗಳಂತೆ ಕಂಡರು. ಕೈಯಲ್ಲಿ ಕಬ್ಬಿಣ, ತಲೆಯ ಮೇಲೆ ಕಬ್ಬಿಣ. ಕಾಲ ಕೆಳಗಿದ್ದದ್ದು ಒಂದೇ ಮೆಟ್ಟಿಲು ಎಂದು ಅವನಿಗೆ ಗೊತ್ತಿತ್ತು. ಆದರೂ ಕಣ್ಣು ಕೆಳಗಿಳಿಸುವ ಧೈರ್ಯವಾಗಲಿಲ್ಲ.

“ನಾನು ಬರೋದಿಲ್ಲ,” ಎಂದ, ಅಲ್ಲಿ, ಗಟ್ಟಿಯಾಗಿ. “ಮಾವ, ನಾನು ಬೆಟ್ಟಕ್ಕೆ ಬರೋದಿಲ್ಲ.”

ಗಾಜಿನಾಚೆ ಬಾಮೈದ ಹೆಬ್ಬೆರಳು ಎತ್ತಿ ತೋರಿಸಿದ.

ನೀರು ನಿಂತಿತು. ಬಾಗಿಲು ತೆರೆಯಿತು. ಮೂವರೂ ಒಟ್ಟಿಗೇ ಮುಂದೆ ಬಾಗಿದರು.

“ಎಲ್ಲಾದ್ರೂ ಸೋರ್ತಾ?” ಎಂದು ಕೇಳಿದರು ಮಾವ.

ಇಷ್ಟು ವರ್ಷಗಳ ಕೆಲಸದಲ್ಲಿ ಅವನು ಗುಳ್ಳೆ ಏಳದ ಬಾಟಲಿಯನ್ನು ಎದ್ದಿತೆಂದು ತೆಗೆದಿಟ್ಟವನಲ್ಲ. ಈಗ ಕೈಗಳನ್ನು ಸರಳಿನಿಂದ ಕಷ್ಟಪಟ್ಟು ಬಿಡಿಸಿ, ಕೆಳಗಿಳಿದು, “ಹೂಂ,” ಎಂದ. “ಬೆನ್ನಲ್ಲಿ ಸೋರ್ತಿದೆ.”

“ಸಾಧ್ಯಾನೇ ಇಲ್ಲ,” ಎಂದಳು ಅಂಗಡಿಯಾಕೆ.

“ಅವರು ಸೋರ್ತಿದೆ ಅಂದ್ರೆ ಸೋರ್ತಿದೆ,” ಎಂದರು ಮಾವ.

ಹೆಂಡತಿ ಹತ್ತಿರ ಬಂದು ಜಿಪ್ಪು ಇಳಿಸಿ, ಒಳಗೆ ಕೈ ಹಾಕಿ ಅವನ ಬೆನ್ನು ಮುಟ್ಟಿದಳು. ಅಂಗಿ ಹಿಂಡುವಷ್ಟು ಒದ್ದೆಯಾಗಿತ್ತು. ಅವಳ ಕೈ ಅಲ್ಲೇ ನಿಂತಿತು. ಅವಳು ಅವನ ಮುಖ ನೋಡಿದಳು.

“ಬೆಚ್ಚಗಿದೆ ಕಣ್ರೀ,” ಎಂದಳು ಮೆಲ್ಲಗೆ. “ಇದು ಪೈಪಿನ ನೀರಲ್ಲ.”

“ಬೆವರಾ?” ಎಂದ ಬಾಮೈದ. “ಹಾಗಾದ್ರೆ ಈ ಬಟ್ಟೆ ಉಸಿರಾಡಲ್ಲ. ಒಳಗಿನ ಆವಿ ಆಚೆ ಹೋಗ್ತಾ ಇಲ್ಲ. ಭಾವ ಹೇಳಿದ್ದು ಸರೀನೇ.”

ಮಾವ ತಲೆ ಹಾಕಿದರು. “ಇದಕ್ಕಿಂತ ಒಳ್ಳೇದು ಇದೆಯಾ?” ಅಂಗಡಿಯಾಕೆ ಅನುಮಾನದಿಂದಲೇ ಒಳಗೆ ಹೆಜ್ಜೆ ಹಾಕಿದಳು.

ಅಳಿಯನಿಗೆ ಮುಂದಿನದೆಲ್ಲ ಕಾಣಿಸಿತು. ಇನ್ನೊಂದು ಜಾಕೆಟ್, ಇನ್ನೊಮ್ಮೆ ನೀರು, ಇನ್ನೊಂದು ಹೊಗಳಿಕೆ. ಕೊನೆಗೆ ಹಿಮದ ಮೇಲೆ ಎಲ್ಲೋ ಒಂದು ಕಡೆ ಹಗ್ಗ ಜಗ್ಗುತ್ತದೆ.

“ತರಬೇಡಿ,” ಎಂದ. “ಜಾಕೆಟ್ ಚೆನ್ನಾಗಿದೆ. ಸೋರಲಿಲ್ಲ. ನಾನು ಸುಳ್ಳು ಹೇಳಿದೆ. ನನಗೆ ಭಯ, ಮಾವ.”

ಮಾವ ಎದ್ದು ಬಂದು ಅವನ ಒದ್ದೆ ಹೆಗಲ ಮೇಲೆ ಕೈ ಇಟ್ಟರು.

“ಇಷ್ಟೇನಾ? ಭಯ ಎಲ್ರಿಗೂ ಇರುತ್ತೆ. ಭಯ ಇಲ್ಲದೋನ ಜೊತೆ ನಾನು ಹಗ್ಗ ಕಟ್ಕೊಳ್ಳೋದೇ ಇಲ್ಲ. ನೀವು ಹೇಳಿದ್ರಲ್ಲ, ಅದಕ್ಕೇ ನಿಮ್ಮ ಮೇಲೆ ನಂಬಿಕೆ ಜಾಸ್ತಿ ಆಯ್ತು.”

ನಿಜ ಹೇಳಿದ್ದೂ ಗಂಟಾಯಿತು. ಅವನು ಮಾವನ ಕೈಯನ್ನು ಹೆಗಲಿನಿಂದ ಮೆಲ್ಲಗೆ ಇಳಿಸಿದ. ಅವರನ್ನು ಅವನು ಹಾಗೆ ಮುಟ್ಟಿದ್ದು ಅದೇ ಮೊದಲು. ಏಣಿಯ ವಿಷಯ ಹೇಳಿದ. ಫಿಟ್ಟರುಗಳು, ಬೆರಳುಗಳು, ಮೂಟೆ, ಎಲ್ಲವನ್ನೂ. ಬಾಮೈದ ನಗಲು ಬಾಯಿ ತೆರೆದು ಮುಚ್ಚಿದ.

“ಭಯ ಆದೋರು ನಡುಗ್ತಾರೆ, ಕೂಗ್ತಾರೆ. ನಾನು ಕಲ್ಲಾಗ್ತೀನಿ,” ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, “ನೀನು ಜಾರಿದ್ರೆ ಹಿಡೀಬೇಕು ಅಂತ ಗೊತ್ತಿರುತ್ತೆ. ಕೈ ಬರಲ್ಲ.”

ಅವಳು ಬಯ್ಯಬಹುದು ಎಂದುಕೊಂಡಿದ್ದ. ಅವಳು ಬಯ್ಯಲಿಲ್ಲ. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ತನ್ನ ಅಪ್ಪನನ್ನು.

ಮಾವ ನಿಟ್ಟುಸಿರು ಬಿಟ್ಟರು. ನಿಟ್ಟುಸಿರಿನ ಕೊನೆಯಲ್ಲಿ ಖುಷಿ ಇತ್ತು. “ಸರಿ ಬಿಡಿ. ಇಲ್ಲೇ ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಾಚಿಕೆ ಏನೂ ಇಲ್ಲ. ಈ ಜಾಕೆಟ್ ಬಿಚ್ಚಿ ಕೊಡಿ ಇಲ್ಲಿ. ನನ್ನ ಅಳತೆಯದೇ.”

“ಅಪ್ಪಾ, ಯಾಕೆ?” ಎಂದಳು ಮಗಳು.

“ಯಾಕೆ ಅಂದ್ರೆ? ನನ್ನ ಜಾಗ ನನಗೇ ವಾಪಸ್ ಬಂತಲ್ಲ. ಮೂರನೆಯವರು ಬೇಕು ತಾನೆ?”

ಅವರು ಜಾಕೆಟ್ ಹಾಕಿಕೊಂಡು ಕೊರಳತನಕ ಜಿಪ್ಪು ಎಳೆದರು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಮಳೆಕೋಣೆಯತ್ತ ನಡೆಯುವಾಗ ಒಂದು ಕಾಲನ್ನು ಮಡಿಸದೆ, ಪಕ್ಕದಿಂದ ಬೀಸಿ ಇಡುತ್ತಿದ್ದರು. ಕೋಣೆಯೊಳಗೆ ಒಳ್ಳೆಯ ಕಾಲನ್ನು ಮೆಟ್ಟಿಲ ಮೇಲಿಟ್ಟರು. ಇನ್ನೊಂದು ಕಾಲು ಹಿಂದೆಯೇ ಉಳಿಯಿತು. ಸರಳಿಗೆ ಕೈ ಚಾಚಿ ಜೋತುಬಿದ್ದು, ತೋಳಿನ ಬಲದಿಂದಲೇ ಮೈಯನ್ನು ಮೇಲೆಳೆದುಕೊಂಡರು. ಒಂದೇ ಮೆಟ್ಟಿಲು. ಹಲ್ಲು ಕಚ್ಚಿದ್ದು ಎಲ್ಲರಿಗೂ ಕಂಡಿತು. ಬಾಮೈದ ಹಗ್ಗದ ಸುರುಳಿಯೊಂದರ ದಪ್ಪವನ್ನು ಪರೀಕ್ಷಿಸತೊಡಗಿದ. ಹೆಂಡತಿ ಕಾಲುಚೀಲಗಳ ಕಡೆಗೆ ತಿರುಗಿಕೊಂಡಳು. ಆ ಮನೆಯಲ್ಲಿ ಮೊಣಕಾಲು ಎಂಬ ಶಬ್ದವನ್ನು ಯಾರೂ ಆಡುವುದನ್ನು ತಾನು ಈವರೆಗೆ ಕೇಳಿಯೇ ಇಲ್ಲ ಎಂಬುದು ಅಳಿಯನಿಗೆ ಆಗ ಹೊಳೆಯಿತು.

“ಬಾಗಿಲು ಹಾಕಮ್ಮ,” ಎಂದರು ಮಾವ.

“ಒಂದು ನಿಮಿಷ ಇರಿ,” ಎಂದ ಅಳಿಯ ಅಂಗಡಿಯಾಕೆಗೆ. ಬಾಗಿಲನ್ನು ಹಿಡಿದು ನಿಂತ. ಬೆನ್ನಿನ ಮೇಲೆ ಅಂಗಿ ತಣ್ಣಗಾಗುತ್ತಿತ್ತು. “ಮಾವ, ನೀವೂ ಹೋಗಬಾರದು.”

“ಯಾಕಂತೆ?”

“ನಿಮ್ಮ ಮೊಣಕಾಲು ಆಗಲ್ಲ.”

ಮಾವ ಅವನನ್ನು ಮೇಲಿನಿಂದ ನೋಡಿದರು. “ನೀವು ಬಾಟಲಿ ಮುಚ್ಚಳ ನೋಡೋರು.”

“ಹೌದು ಮಾವ. ಏಣಿ ಇಳಿಯೋಕೂ ಬರದೋನು. ಆದ್ರೂ ಅದು ಆಗಲ್ಲ.”

“ಏನೋ?” ಎಂದು ಮಾವ ಮಗನನ್ನು ಕೇಳಿದರು. ಮಗ ಹಗ್ಗದಿಂದ ತಲೆ ಎತ್ತಲಿಲ್ಲ. “ನೀನು ಹೇಳೇ.”

ಮಗಳು ಕಾಲುಚೀಲವೊಂದನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದಳು. “ಹೋದ ವರ್ಷ ಇಳಿಯುವಾಗ ನೀನು ಇಳೀಲಿಲ್ಲ ಅಪ್ಪಾ,” ಎಂದಳು. “ನಾವಿಬ್ರೂ ನಿನ್ನನ್ನ ಇಳಿಸಿದ್ವಿ. ನಿನಗೆ ಗೊತ್ತಾಗ್ದಂಗೆ ಹಗ್ಗ ಬಿಗಿಯಾಗಿ ಹಿಡ್ಕೊಂಡಿದ್ವಿ. ಕೆಳಗೆ ಬಂದ ಮೇಲೆ ಅವನ ಅಂಗೈ ಸುಲಿದುಹೋಗಿತ್ತು.”

ಮಾವನ ಕಣ್ಣು ಮಗನ ಕೈಗಳ ಮೇಲೆ ಹೋಗಿ, ಅಲ್ಲಿಂದ ಅಳಿಯನ ಮೇಲೆ ಬಂದು ನಿಂತಿತು. ಎಲ್ಲವನ್ನೂ ಒಂದೊಂದಾಗಿ ಜೋಡಿಸಿಕೊಳ್ಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

“ಓ,” ಎಂದರು. “ನನ್ನ ಜಾಗದಿಂದ ನನ್ನನ್ನ ಎಬ್ಬಿಸೋಕೆ ಇವರನ್ನ ಕೂರಿಸಿದ್ರಾ.”

ಮಾವ ಒಂದು ಕೈಯಿಂದ ಸರಳು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಬಾಗಿಲಿನ ಅಂಚು ಹಿಡಿದು ಅದನ್ನು ಅಳಿಯನ ಕೈಯಿಂದ ಎಳೆದುಕೊಂಡರು. ಅದು ಕಟಕ್ಕೆಂದು ಮುಚ್ಚಿತು. ಗಾಜಿನಾಚೆಯಿಂದ ಅಂಗಡಿಯಾಕೆಗೆ ಬೆರಳು ಮೇಲೆ ಮಾಡಿ ತೋರಿಸಿದರು. ನೀರು.

ಅಂಗಡಿಯಾಕೆ ಮಗಳ ಮುಖ ನೋಡಿದಳು. ಮಗಳು ತಲೆಯಾಡಿಸಿದಳು. ನೀರು ಬಂತು.

ಮಾವ ಟೋಪಿ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಬೆನ್ನು ತಿರುಗಿಸಿ ಸರಳಿಗೆ ಎರಡೂ ಕೈ ಕೊಟ್ಟು ನಿಂತರು. ಬಿಳಿ ಕೂದಲು ತಲೆಗೆ ಅಂಟಿಕೊಂಡಿತು. ಕೊರಳೊಳಗೆ ನೀರು ಇಳಿಯುತ್ತಿರಬೇಕು. ಅದು ಜಾಕೆಟ್ಟಿನ ತಪ್ಪಲ್ಲ.

“ನಿಲ್ಲಿಸ್ಲಾ?” ಎಂದಳು ಅಂಗಡಿಯಾಕೆ. “ತಣ್ಣೀರು.”

“ಇರ್ಲಿ ಬಿಡಿ,” ಎಂದ ಬಾಮೈದ. ಈಗ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಹೆಂಡತಿ ಬಂದು ಗಂಡನ ಪಕ್ಕ ನಿಂತಳು. ಗಾಜಿನ ಕಡೆ ನೋಡುತ್ತಲೇ ಹೇಳಿದಳು. “ಅದೊಂದು ಮಾತು ಹೇಳೋಕಾಗ್ದೆ ನಿಮ್ಮನ್ನ ಬೆಟ್ಟ ಹತ್ತಿಸ್ತಿದ್ವಿ ಕಣ್ರೀ.”

“ನಾನೂ ಒಂದು ಮಾತು ಹೇಳೋಕಾಗ್ದೆ ಹತ್ತುತ್ತಿದ್ದೆ,” ಎಂದ ಅವನು.

“ಇನ್ನು ಈ ವರ್ಷ ಯಾರೂ ಹತ್ತಲ್ಲ,” ಎಂದಳು. ಅವಳ ದನಿ ಒಡೆಯಿತು. ಅದು ಅಪ್ಪನಿಗಾಗಿಯೋ, ಬೆಟ್ಟಕ್ಕಾಗಿಯೋ ಅವನಿಗೆ ತಿಳಿಯಲಿಲ್ಲ.

ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂಬುದು ನೆನಪಾಗಿ ಅವನು ಹೋಗಿ ಹೊರಗಿನ ಹಿಡಿಕೆಯ ಮೇಲೆ ಕೈ ಇಟ್ಟ. ಒಳಗೆ ಮಾವ ಅರ್ಧ ತಿರುಗಿದರು. ನೀರಿನ ಹಿಂದೆ ಅವರ ಮುಖ ಸರಿಯಾಗಿ ಕಾಣಲಿಲ್ಲ. ಅವರು ಅಳಿಯನ ಕೈ ಎಲ್ಲಿದೆ ಎಂದು ನೋಡಿ, ಬೇಡ, ಇನ್ನೂ ಬೇಡ ಎಂದು ತಲೆಯಲ್ಲಾಡಿಸಿದರು.

ಅವನು ಹಿಡಿಕೆ ಬಿಡದೆ ಹಾಗೇ ನಿಂತ.